ಶೈಲೇಶನ ಎಡ ಹೆಬ್ಬೆರಳು

ಡೊಂಬಿವಲಿ ಪೂರ್ವದಲ್ಲಿ, ಎಂಐಡಿಸಿಯ ಕಾರ್ಖಾನೆಗಳು ಮುಗಿದು ಮನೆಗಳು ಶುರುವಾಗುವ ಕಡೆ, ನಾಲ್ಕು ಮಹಡಿಯ ಒಂದು ಕಟ್ಟಡದಲ್ಲಿ ಶೈಲೇಶ, ಶಿವರಾಜ ಎಂಬ ಇಬ್ಬರು ಗೆಳೆಯರಿದ್ದರು. ಶೈಲೇಶನ ಮನೆ ಎರಡನೇ ಮಹಡಿಯಲ್ಲಿ. ಉಡುಪಿ ಕಡೆಯವರು, ತಂದೆ ಠಾಣೆ ನಗರದ ಹೊಟೇಲೊಂದರಲ್ಲಿ ಮ್ಯಾನೇಜರ್. ಶಿವರಾಜನ ಮನೆ ನಾಲ್ಕನೆಯದರಲ್ಲಿ. ಬಾಗಲಕೋಟೆ ಕಡೆಯವರು, ತಂದೆಗೆ ಕಲ್ಯಾಣದಲ್ಲಿ ಬಟ್ಟೆ ವ್ಯಾಪಾರ. ಕೆಳಗಿನ ಮನೆಯಲ್ಲಿ ತುಳು, ಮೇಲಿನ ಮನೆಯಲ್ಲಿ ಬಾಗಲಕೋಟೆಯ ಕನ್ನಡ. ಹುಡುಗರು ಬೆಳೆದದ್ದು ಹಿಂದಿ, ಮರಾಠಿಯಲ್ಲಿ. ಆದರೆ ಅವರ ತಾಯಂದಿರು ಮೆಟ್ಟಿಲ ಮೇಲೆ ನಿಂತು ಗಂಟೆಗಟ್ಟಲೆ ಕನ್ನಡದಲ್ಲಿ ಮಾತಾಡುತ್ತಿದ್ದರಿಂದ ಇವರಿಗೂ ಅದು ರೂಢಿಯಾಗಿತ್ತು. ಬೇರೆ ಹುಡುಗರಿಗೆ ತಿಳಿಯಬಾರದ್ದನ್ನೆಲ್ಲ ಇವರು ಕನ್ನಡದಲ್ಲೇ ಹೇಳಿಕೊಳ್ಳುತ್ತಿದ್ದರು.

ಇಬ್ಬರ ನಡುವೆ ಜಗಳ ಹತ್ತಿದ್ದು 2006ರಲ್ಲಿ. ಆ ವರ್ಷ ಮಸ್ಕತ್ತಿನಿಂದ ರಜೆಗೆ ಬಂದ ಸೋದರಮಾವ ಯಶ್ವಂತ, ಶೈಲೇಶನಿಗೆ ಒಂದು ಪಿಎಸ್-ಟು ತಂದುಕೊಟ್ಟ. ಟಿವಿಗೆ ಸಿಕ್ಕಿಸಿ, ಕಂಟ್ರೋಲರ್ ಎಂಬ ಹಿಡಿಕೆಯನ್ನು ಎರಡು ಕೈಯಲ್ಲಿ ಹಿಡಿದು ವಿಡಿಯೋ ಗೇಮ್ ಆಡುವ ಯಂತ್ರ. ಅದೇ ಹೊತ್ತಿಗೆ ಶಿವರಾಜ ಎಲೆಕ್ಟ್ರಾನಿಕ್ ಅಂಗಡಿಗಳ ಲ್ಯಾಮಿಂಗ್ಟನ್ ರೋಡಿಗೆ ಆರು ಶನಿವಾರ ಓಡಾಡಿ, ಬಿಡಿಭಾಗಗಳನ್ನು ಒಂದೊಂದಾಗಿ ತಂದು, ತಾನೇ ಒಂದು ಕಂಪ್ಯೂಟರ್ ಜೋಡಿಸಿದ್ದ. ಒಂದು ಬದಿಯ ತಗಡು ಮುಚ್ಚದೆಯೇ ಇಟ್ಟಿದ್ದ, ಒಳಗಿನ ಫ್ಯಾನು ತಿರುಗುವುದು ಕಾಣಲಿ ಎಂದು.

"ಇದು ಆಟ ಆಡೋ ಮಷೀನ್ ಅಲ್ಲಲೇ, ಆಟಿಕಿ ಸಾಮಾನು," ಎಂದ ಶಿವರಾಜ, ಶೈಲೇಶನ ಕೈಯಲ್ಲಿದ್ದ ಕಂಟ್ರೋಲರನ್ನು ನೋಡಿ. "ಮೌಸ್ ಇಲ್ಲದ ಗುರಿ ಹೆಂಗ ಹಿಡೀತಿ? ಒಂದು ಪಾರ್ಟ್ ಕೆಟ್ಟರ ಬದಲಿ ಮಾಡಾಕ ಬರತೈತೇನು?"

"ಕೆಟ್ಟರೆ ಅಲ್ವಾ ಬದಲಿ ಮಾಡುದು? ನಿಂದು ಎಂತ ಮಾರಾಯ, ನಾಲ್ಕು ದಿನಕ್ಕೊಮ್ಮೆ ಬಿಚ್ಚಿ ಕೂತಿರ್ತೀ. ನಾನು ಡಿಸ್ಕ್ ಹಾಕಿದೆ, ಆಡಿದೆ, ಮುಗೀತು."

ಈ ಮಾತು ಐದು ವರ್ಷ ನಡೆಯಿತು. ಲೋಡ್‌ಶೆಡ್ಡಿಂಗಿನ ಮಧ್ಯಾಹ್ನಗಳಲ್ಲಿ ಕಂಪ್ಯೂಟರೂ ಟಿವಿಯೂ ಸತ್ತಿರುವಾಗ, ಇಬ್ಬರೂ ಟೆರೇಸಿನ ನೀರಿನ ಟ್ಯಾಂಕಿನ ನೆರಳಲ್ಲಿ ಕೂತು ಇದನ್ನೇ ಮುಂದುವರಿಸುತ್ತಿದ್ದರು. ಕಟ್ಟಡದ ಹುಡುಗರಲ್ಲಿ ಎರಡು ಪಕ್ಷಗಳಾದವು. ಒಮ್ಮೆ ಎಲ್ಲರ ಎದುರು ತೀರ್ಮಾನವಾಗಲಿ ಎಂದು ಶಿವರಾಜನ ಕಂಪ್ಯೂಟರಿನಲ್ಲೇ ಫುಟ್‌ಬಾಲ್ ಪಂದ್ಯ ಇಟ್ಟರು. ಶಿವರಾಜ ಕೀಬೋರ್ಡಿನಲ್ಲಿ, ಶೈಲೇಶ ಕಂಪ್ಯೂಟರಿಗೆ ಸಿಕ್ಕಿಸುವ ಒಂದು ಅಗ್ಗದ ಕಂಟ್ರೋಲರಿನಲ್ಲಿ. ಶಿವರಾಜ ಮೂರು–ಎರಡರಿಂದ ಗೆದ್ದ. ಶೈಲೇಶ ಕಂಟ್ರೋಲರೇ ಬೋಗಸ್ ಎಂದ. ಕೆಳಗೆ ಹೋಗಿ ಅವನ ಟಿವಿಯ ಮುಂದೆ ಮತ್ತೆ ಆಡಿದಾಗ ಶಿವರಾಜ ಏಳು ಗೋಲು ತಿಂದ. ಅವನು ತನ್ನ ಹೆಬ್ಬೆರಳುಗಳಿಗೆ ಈ ಭಾಷೆ ಬರುವುದಿಲ್ಲ ಎಂದ. ಏನೂ ತೀರ್ಮಾನವಾಗಲಿಲ್ಲ.

ಆದರೆ ಅಲ್ಲಿದ್ದವರು ಒಂದು ಸಂಗತಿ ಗಮನಿಸಿದ್ದರು. ಶೈಲೇಶ ಆಡುವಾಗ ಅವನ ಮೈ ಅಲುಗುತ್ತಿರಲಿಲ್ಲ, ಮುಖವೂ ಬದಲಾಗುತ್ತಿರಲಿಲ್ಲ. ಎಡಗೈಯ ಹೆಬ್ಬೆರಳು ಮಾತ್ರ ಕಂಟ್ರೋಲರಿನ, ಎಲ್ಲ ದಿಕ್ಕಿಗೂ ವಾಲುವ ಪುಟ್ಟ ಗುಂಡಿಯ ಮೇಲೆ ತಿರುಗುತ್ತಲೇ ಇರುತ್ತಿತ್ತು. ಆಟಗಾರ ಓಡುವುದು, ತಿರುಗುವುದು, ನಿಲ್ಲುವುದು ಎಲ್ಲವೂ ಆ ಬೆರಳಿನದೇ ಕೆಲಸ. ಡೊಂಬಿವಲಿ, ಕಲ್ಯಾಣದ ಗೇಮ್ ಪಾರ್ಲರುಗಳಲ್ಲಿ ಅವನನ್ನು ಗುರುತಿಸುವವರಿದ್ದರು.

ಮುಂದೆ ಶೈಲೇಶ ಐಟಿಐ ಮುಗಿಸಿ ಎಂಐಡಿಸಿಯ ಒಂದು ಕಾರ್ಖಾನೆಯಲ್ಲಿ, ತಗಡನ್ನು ಅಚ್ಚಿಗೆ ಒತ್ತುವ ಪ್ರೆಸ್ ಮಷೀನಿನ ಕೆಲಸಕ್ಕೆ ಸೇರಿದ. ಮನೆಯಿಂದ ನಡೆದು ಹೋಗುವಷ್ಟು ಹತ್ತಿರ. ಸಂಬಳ ಬರತೊಡಗಿದ ಮೇಲೆ ಹಳೆಯ ಯಂತ್ರ ಕೊಟ್ಟು ಪಿಎಸ್-ತ್ರೀ ತಂದ. ಶಿವರಾಜನಿಗೆ ಮಹಾಪೆಯಲ್ಲಿ, ಸಾವಿರಾರು ಕಂಪ್ಯೂಟರುಗಳನ್ನು ಸಾಲಾಗಿ ಇಟ್ಟು ಕಾಯುವ ಒಂದು ಸಂಸ್ಥೆಯಲ್ಲಿ ಕೆಲಸ ಸಿಕ್ಕಿತು.

2011ರ ಮಾರ್ಚಿನ ಒಂದು ಬೆಳಿಗ್ಗೆ, ಹತ್ತೂವರೆಯ ಚಹಾಕ್ಕೆ ಸ್ವಲ್ಪ ಮೊದಲು, ತಗಡಿನ ಒಂದು ತುಂಡು ಪ್ರೆಸ್ಸಿನ ಅಚ್ಚಿನಲ್ಲಿ ಸಿಕ್ಕಿಕೊಂಡಿತು. ಶೈಲೇಶ ಅದನ್ನು ಎಡಗೈಯಿಂದ ಎಳೆದ. ಕೈ ಒಳಗಿದ್ದರೆ ಯಂತ್ರ ನಿಲ್ಲಬೇಕಿತ್ತು, ನಿಲ್ಲಲಿಲ್ಲ. ನೋವಿಗಿಂತ ಮೊದಲು ಶಬ್ದ ಬದಲಾದದ್ದು ತಿಳಿಯಿತು ಎಂದು ಅವನು ಆಮೇಲೆ ಹೇಳಿದ. ಆಸ್ಪತ್ರೆಯಲ್ಲಿ ನಾಲ್ಕು ಬೆರಳುಗಳನ್ನು ಉಳಿಸಿದರು. ಹೆಬ್ಬೆರಳು ಬುಡದಿಂದಲೇ ಹೋಗಿತ್ತು.

ಗಾಯ ಮಾಯಲು ಎರಡು ತಿಂಗಳು ಬೇಕಾಯಿತು. ಕಾರ್ಖಾನೆಯವರು ಅವನನ್ನು ಸ್ಟೋರಿಗೆ ಹಾಕಿದರು. ಸಾಮಾನು ಬಂದದ್ದು, ಹೋದದ್ದು ಬರೆದಿಡುವ ಕೆಲಸ. ಬಲಗೈ ಸರಿಯಾಗಿದ್ದುದರಿಂದ ತೊಂದರೆ ಇರಲಿಲ್ಲ. ಅಂಗಿಯ ಗುಂಡಿ, ಬೂಟಿನ ಲೇಸು, ಡಬ್ಬದ ಮುಚ್ಚಳ, ಇವುಗಳನ್ನು ಒಂದೊಂದಾಗಿ ಕಲಿತುಕೊಂಡ. ತಾಯಿ ಜಲಜಾಕ್ಷಿ ಸಹಾಯಕ್ಕೆ ಬಂದರೆ ಬೇಡ ಎನ್ನುತ್ತಿದ್ದ. ಸಿಟ್ಟಿನಿಂದಲ್ಲ, ಸುಮ್ಮನೆ. ಪಿಎಸ್-ತ್ರೀಯ ಮೇಲೆ ತಂಗಿ ಶ್ರದ್ಧಾ ಒಂದು ಬಟ್ಟೆ ಮುಚ್ಚಿದಳು. ಅದನ್ನು ಯಾರೂ ತೆಗೆಯಲಿಲ್ಲ.

ಜೂನಿನ ಒಂದು ಭಾನುವಾರ ಶಿವರಾಜ ಹೊಸ ಕೀಬೋರ್ಡೊಂದನ್ನು ಕಂಕುಳಲ್ಲಿಟ್ಟುಕೊಂಡು ಎರಡನೇ ಮಹಡಿಗೆ ಇಳಿದ. ಆ ವಾರವೆಲ್ಲ ಅವನು ಯೋಚನೆ ಮಾಡಿದ್ದ. ತಾನು ಯೋಚಿಸಿದ್ದು ಅವನಿಗೆ ಬಹಳ ಸರಳವಾಗಿ, ಸರಿಯಾಗಿ ಕಂಡಿತ್ತು.

"ನೋಡಲೇ," ಎಂದ, ಕೀಬೋರ್ಡನ್ನು ಶೈಲೇಶನ ಎದುರಿಗಿಟ್ಟು. "ಎಡಗೈದು ಈ ಮೂರು ಬಟ್ಟು ಸಾಕು. ಹೆಬ್ಬಟ್ಟಿಂದು ಇಲ್ಲಿ ಕೆಲಸನ ಇಲ್ಲ. ಸ್ಪೇಸ್ ಬಾರ್ ಒಂದೈತಿ, ಅದನ್ನ ಬ್ಯಾರೆ ಕಡೆ ಹಾಕಿಕೊಡ್ತೀನಿ. ಬಲಗೈಯಾಗ ಮೌಸ್. ಆರು ತಿಂಗಳದಾಗ ನೀ ನನಗಿಂತ ಚಲೋ ಆಡ್ತಿ."

ಶೈಲೇಶ ಕೀಬೋರ್ಡನ್ನು ನೋಡಿದ. ಶಿವರಾಜನನ್ನು ನೋಡಿದ.

"ಐದು ವರ್ಷದಿಂದ ಇದನ್ನೇ ಹೇಳ್ತಾ ಇದ್ದಿ ಅಲ್ವಾ? ಪಿಸಿಗೆ ಬಾ ಪಿಸಿಗೆ ಬಾ ಅಂತ."

"ಅದಕ್ಕಲ್ಲಲೇ..."

"ಈಗ ಬರ್ಲೇಬೇಕಾಯ್ತು ನೋಡು. ನೀನು ಗೆದ್ದಿ. ತಗೊಂಡು ಹೋಗು ಇದನ್ನ."

"ನಾ ಗೆಲ್ಲೂದು ಸೋಲೂದು ಎಲ್ಲಿ ಬಂತು ಇದರಾಗ?"

"ಜಾ ನಾ, ಯಾರ್," ಎಂದ ಶೈಲೇಶ ಹಿಂದಿಯಲ್ಲಿ, ಹೋಗೋ ಸಾಕು ಎನ್ನುವಂತೆ. ಇಬ್ಬರೇ ಇರುವಾಗ ಅವರು ಹಿಂದಿ ಆಡಿದ್ದು ಕಡಿಮೆ.

ಶಿವರಾಜ ಕೀಬೋರ್ಡು ಎತ್ತಿಕೊಂಡು ಮೇಲೆ ಹೋದ. ತಾನು ತಪ್ಪೇನು ಹೇಳಿದೆ ಎಂದು ಅವನಿಗೆ ಆ ದಿನ ತಿಳಿಯಲಿಲ್ಲ. ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ನಾಲ್ಕು ತಿಂಗಳು ಇಬ್ಬರೂ ಮೆಟ್ಟಿಲ ಮೇಲೆ ಎದುರಾದರೆ ತಲೆಯಾಡಿಸಿ ಮುಂದೆ ಹೋಗುತ್ತಿದ್ದರು.

ಗಣಪತಿ ಹಬ್ಬ ಕಳೆದ ಮೇಲೆ ಒಂದು ಸಂಜೆ ಶ್ರದ್ಧಾ ಗೇಟಿನ ಹತ್ತಿರ ಶಿವರಾಜನನ್ನು ನಿಲ್ಲಿಸಿದಳು. ಅವಳು ಕನ್ನಡ ಅರ್ಥ ಮಾಡಿಕೊಳ್ಳುತ್ತಿದ್ದಳೇ ಹೊರತು ಮಾತಾಡುತ್ತಿದ್ದುದು ಹಿಂದಿಯಲ್ಲೇ. ಮನೆಯಲ್ಲಿ ಯಾರೂ ಇಲ್ಲದಾಗ ಅಣ್ಣ ಪಿಎಸ್-ತ್ರೀಯ ಮೇಲಿನ ಬಟ್ಟೆ ಸರಿಸಿ ಆಡಲು ನೋಡುತ್ತಾನೆ, ಎಂದಳು. ಒಂದು ದಿನ ಕಾಲೇಜಿನಿಂದ ಬೇಗ ಬಂದು ತಾನೇ ನೋಡಿದ್ದಳು. ಟಿವಿಯ ಶಬ್ದ ಪೂರ್ತಿ ಇಳಿಸಿ, ಕಂಟ್ರೋಲರನ್ನು ತೊಡೆಗೆ ಒತ್ತಿ ಹಿಡಿದು, ಎಡಗೈಯ ತೋರುಬೆರಳಿನಿಂದ ಆ ಗುಂಡಿಯನ್ನು ತಳ್ಳುತ್ತಿದ್ದ. ಕಂಟ್ರೋಲರ್ ಜಾರಿ ಜಾರಿ ಬೀಳುತ್ತಿತ್ತು.

"ಬೋಲ್ತಾ ಹೈ ಅಂಗೂಠಾ ಅಭೀ ಭೀ ಘೂಮ್ತಾ ಹೈ," ಎಂದಳು. ಇಲ್ಲದ ಹೆಬ್ಬೆರಳು ಈಗಲೂ ತಿರುಗುತ್ತದೆ ಎಂದು ಅವನು ಹೇಳುತ್ತಾನಂತೆ.

ಮರುದಿನ ಬೆಳಿಗ್ಗೆ ಶಿವರಾಜ ತನ್ನ ಎಡ ಹೆಬ್ಬೆರಳನ್ನು ಅಂಗೈಗೆ ಮಡಚಿ, ಮೇಲೆ ಬಿಳಿ ಬ್ಯಾಂಡೇಜಿನ ಟೇಪು ಸುತ್ತಿಕೊಂಡ. ಹಾಗೆಯೇ ಅಂಗಿ ಹಾಕಿಕೊಳ್ಳಲು ಹೊರಟಾಗ ಎರಡು ಗುಂಡಿಗಳಿಗೆ ಹತ್ತು ನಿಮಿಷ ಹಿಡಿಯಿತು. ಶಿಳ್‌ಫಾಟಾ ದಾಟಿ ಮಹಾಪೆಗೆ ಹೋಗುವ ಬಸ್ಸಿನಲ್ಲಿ ಎಡಗೈಯಿಂದ ಕಂಬ ಹಿಡಿಯಲು ಹೋಗಿ ಮುಂದಿನವರ ಮೇಲೆ ಬಿದ್ದ. ಸಂಜೆ ಅವನ ತಾಯಿ ಮಹಾದೇವಕ್ಕ ಕೈ ನೋಡಿದರು.

"ಏನ್ ಮಾಡ್ಕೊಂಡಿಯೋ ಕೈಗೆ?"

"ಏನೂ ಇಲ್ಲ ಅವ್ವ. ಚಲೋನ ಐತಿ."

"ಚಲೋ ಐತಿ ಅಂದರ ಕಟ್ಟೀಯಾಕ?"

"ಹಂಗ ನೋಡಾಕ."

ಮಹಾದೇವಕ್ಕ ಮಗನ ಮುಖ ನೋಡಿ, "ಶೈಲ್ಯಾಂದು ಇದ ಕೈ ಅಲ್ಲೇನು?" ಎಂದು ಕೇಳಿದರು. ಅವನು ಹೌದೆಂದ. ಅವರು ರೊಟ್ಟಿ ಮುರಿದು ಅವನ ತಾಟಿಗೆ ಹಾಕಿದರು. ಹನ್ನೊಂದು ದಿನ ಅವನು ಟೇಪು ಬಿಚ್ಚಲಿಲ್ಲ.

ಆ ಹನ್ನೊಂದು ದಿನಗಳ ನಡುವೆ ಒಂದು ಭಾನುವಾರ ಅವನು ಠಾಣೆಗೆ ಹೋಗಿ, ಮಾಜಿವಾಡಾದ ಒಬ್ಬ ಕಾಲೇಜು ಹುಡುಗನಿಂದ ಹಳೆಯ ಪಿಎಸ್-ತ್ರೀಯನ್ನು ಅದರ ಕಂಟ್ರೋಲರಿನ ಸಮೇತ ಕೊಂಡ. ಜೊತೆಗೆ ರಿಪೇರಿಗೆ ಬಂದಿದ್ದ ಕಂಟ್ರೋಲರುಗಳು ಮೂರು. ಎಲ್ಲವನ್ನೂ ಬ್ಯಾಗಿನಲ್ಲಿ ತುಂಬಿ, ಕಟ್ಟಡದ ಹುಡುಗರ ಕಣ್ಣಿಗೆ ಬೀಳದಂತೆ ಮೆಟ್ಟಿಲು ಹತ್ತಿದ. ಅವನು ಆಡಲು ಕಲಿಯಬೇಕಿತ್ತು, ಅದೂ ಒಂಬತ್ತು ಬೆರಳಿನಲ್ಲಿ. ಮೊದಲ ವಾರ ಯಂತ್ರವೇ ನಡೆಸುವ ಅತಿ ಸುಲಭದ ತಂಡದ ಎದುರೂ ಸೋತ. ಆಟ ಇಷ್ಟು ಕಷ್ಟದ್ದೆಂದು ಅವನಿಗೆ ಗೊತ್ತಿರಲಿಲ್ಲ.

ಸೋಲುತ್ತಾ ಸೋಲುತ್ತಾ ತೊಂದರೆ ಎಲ್ಲಿದೆ ಎಂಬುದು ತಿಳಿಯಿತು. ಹೆಬ್ಬೆರಳಿಲ್ಲದೆ ಕಂಟ್ರೋಲರನ್ನು ಹಿಡಿಯಲು ಆಗುವುದಿಲ್ಲ. ಆದ್ದರಿಂದ ಅದನ್ನು ಹಿಡಿಯುವ ಕೆಲಸವೇ ಇರಬಾರದು. ಬಡಗಿಯೊಬ್ಬನಿಂದ ಇಳಿಜಾರಾದ ಹಲಗೆಯೊಂದನ್ನು ಮಾಡಿಸಿ, ಅದರ ಮೇಲೆ ಕಂಟ್ರೋಲರನ್ನು ಸ್ಕ್ರೂ ಹಾಕಿ ಕೂರಿಸಿದ. ಎಡಗಡೆಯ ಗುಂಡಿಗೆ ಬೆರಳುದ್ದದ ಕಡ್ಡಿಯೊಂದನ್ನು ಅಂಟಿಸಿದ, ತೋರುಬೆರಳು ಮತ್ತು ನಡುಬೆರಳಿನ ಮಧ್ಯೆ ಹಿಡಿದು ಆಡಿಸುವಂತೆ. ಆಗ ತೋರುಬೆರಳು ಒತ್ತಬೇಕಿದ್ದ ಮೇಲಿನ ಬಟನ್ ಅನಾಥವಾಯಿತು. ಅದರಿಂದ ಎರಡು ತಂತಿ ಎಳೆದು, ಅಂಗೈಯ ಬುಡ ಕೂರುವ ಕಡೆ ಮನೆಬಾಗಿಲಿನ ಕರೆಗಂಟೆಯ ಸ್ವಿಚ್ಚೊಂದನ್ನು ಹಾಕಿದ. ರಿಪೇರಿ ಮಾಡಿಕೊಂಡಿದ್ದ ಆ ಮೂರು ಕಂಟ್ರೋಲರುಗಳಲ್ಲಿ ಎರಡು, ತಂತಿ ಬೆಸೆಯಲು ಸೋಲ್ಡರ್ ಮಾಡುವಾಗ ಸುಟ್ಟುಹೋದವು. ಮೂರನೆಯದು ನಡೆಯಿತು.

ದೀಪಾವಳಿಯ ಪಾಡ್ಯದ ದಿನ ಅವನು ಹಲಗೆಯನ್ನು ಎತ್ತಿಕೊಂಡು ಕೆಳಗೆ ಹೋದ. ಶೈಲೇಶ ಬಾಗಿಲು ತೆಗೆದ.

"ಎಂತ ಇದು?"

"ಪಿಸಿದಲ್ಲ," ಎಂದ ಶಿವರಾಜ ಮೊದಲಿಗೆ. ಏನೆಂದು ಆಮೇಲೆ ಹೇಳಿದ.

ಶೈಲೇಶ ಹಲಗೆಯನ್ನು ಟೇಬಲ್ಲಿನ ಮೇಲಿಟ್ಟು ಬಹಳ ಹೊತ್ತು ನೋಡಿದ. ಎಡಗೈಯನ್ನು ಅದರ ಮೇಲಿಡಲಿಲ್ಲ. ಶಿವರಾಜನ ಕೈಯ ಕಡೆ ಅವನ ಕಣ್ಣು ಹೋಯಿತು. ಟೇಪು ಸುತ್ತಿದ್ದ ಕಡೆ ಚರ್ಮ ಸುಲಿದ ಬಿಳಿ ಗುರುತು ಇನ್ನೂ ಮಾಸಿರಲಿಲ್ಲ.

"ನಿನ್ನ ಕೈಗೆ ಎಂತಾಯ್ತು?"

"ಕಟ್ಟಿಕೊಂಡು ಆಡಿ ನೋಡಿದೆ. ಸುಮ್ನ ಅಂದಾಜಿನ ಮ್ಯಾಲ ಮಾಡಿದರ ಬರೂದಿಲ್ಲ ಅದು."

"ಎಷ್ಟು ದಿವಸ?"

"ಹನ್ನೊಂದು."

"ಗೆದ್ದಿಯಾ ಒಂದಾದರೂ?"

"ಇಲ್ಲಲೇ. ಒಂದು ಡ್ರಾ ಆತು."

ಶೈಲೇಶ ನಕ್ಕ. ಒಳಗೆ ಅಡಿಗೆಮನೆಯಲ್ಲಿದ್ದ ಜಲಜಾಕ್ಷಿ ಆ ನಗು ಕೇಳಿ ಒಲೆ ಸಣ್ಣ ಮಾಡಿ ನಿಂತರು, ಹೊರಗೆ ಬರಲಿಲ್ಲ. ಅವನು ಕೂತು ಕೈಯಿಟ್ಟ. ಎರಡು ನಿಮಿಷ ಆಡಿಸಿ, "ಕಡ್ಡಿ ಉದ್ದ ಆಯ್ತು. ನಿನ್ನ ಬೆರಳಿನ ಅಳತೆಗೆ ಮಾಡಿದ್ದು ನೀನು," ಎಂದ. ಶಿವರಾಜ ಮೇಲೆ ಹೋಗಿ ಗರಗಸದ ಅಲಗು ತಂದ.

ಆಮೇಲಿನ ಭಾನುವಾರಗಳು ಅದಕ್ಕೇ ಹೋದವು. ಕಡ್ಡಿ ನಾಲ್ಕು ಸಲ ಬದಲಾಯಿತು. ಸ್ವಿಚ್ಚು ಒಂದಿಂಚು ಬಲಕ್ಕೆ ಸರಿಯಿತು. ಶೈಲೇಶನ ಆಟ ಹಿಂದಿನಂತಾಗಲಿಲ್ಲ. ಥಟ್ಟನೆ ತಿರುಗಬೇಕಾದಲ್ಲಿ ಅವನ ಆಟಗಾರ ಅರ್ಧ ಹೆಜ್ಜೆ ತಡವಾಗಿ ತಿರುಗುತ್ತಿದ್ದ. ಅದಕ್ಕೆ ತಕ್ಕಂತೆ ಅವನು ಆಡುವ ರೀತಿಯನ್ನೇ ಬದಲಿಸಿದ. ಓಡಿಸುವುದು ಕಡಿಮೆ ಮಾಡಿ, ಚೆಂಡನ್ನು ಬೇಗ ಬೇಗ ಒಬ್ಬರಿಂದ ಒಬ್ಬರಿಗೆ ದಾಟಿಸತೊಡಗಿದ. ಶಿವರಾಜ ಪಕ್ಕದಲ್ಲಿ ಕೂತು, ಇದೇ ಆಟ ಕಂಪ್ಯೂಟರಿನಲ್ಲಿ ಎಷ್ಟು ಸ್ಪಷ್ಟವಾಗಿ ಕಾಣುತ್ತದೆ ಎಂದು ಹೇಳುತ್ತಿದ್ದ. ಶೈಲೇಶ ಅದಕ್ಕೆ ಉತ್ತರ ಕೊಡುತ್ತಿದ್ದ. ಹುಡುಗರ ಗಲಾಟೆ ಮತ್ತೆ ಶುರುವಾಯಿತೆಂದು ಮಹಾದೇವಕ್ಕ ಮೆಟ್ಟಿಲ ಮೇಲೆ ಜಲಜಾಕ್ಷಿಗೆ ಹೇಳಿದರು. ಇಬ್ಬರಿಗೂ ಅದರಿಂದ ಸಮಾಧಾನವೇ ಆಗಿತ್ತು.

2012ರ ಆಗಸ್ಟಿನಲ್ಲಿ ವಾಶಿಯ ಒಂದು ಸಭಾಂಗಣದಲ್ಲಿ ಫುಟ್‌ಬಾಲ್ ಗೇಮಿನ ಪಂದ್ಯಾವಳಿ ಇತ್ತು. ಅರವತ್ತನಾಲ್ಕು ಮಂದಿ, ಎಲ್ಲವೂ ಪಿಎಸ್-ತ್ರೀಯಲ್ಲಿ. ಹೆಸರು ಕೊಟ್ಟದ್ದು ಶ್ರದ್ಧಾ. ಶೈಲೇಶ ಎರಡು ದಿನ ಬೇಡವೆಂದು, ಮೂರನೆಯ ದಿನ ಹಲಗೆಯನ್ನು ಟವೆಲಿನಲ್ಲಿ ಸುತ್ತಿಕೊಂಡು ಹೊರಟ. ಶಿವರಾಜ ಸೋಲ್ಡರಿನ ಪೆಟ್ಟಿಗೆ ಹಿಡಿದು ಜೊತೆಗೆ ಹೋದ.

ಅಲ್ಲಿ ಕಪ್ಪು ಟೀಶರ್ಟಿನ ವ್ಯವಸ್ಥಾಪಕ ಹಲಗೆಯನ್ನು ನೋಡಿ ತಲೆಯಾಡಿಸಿದ. ಕಂಪನಿ ಮಾಡಿದ ಕಂಟ್ರೋಲರಿಗೆ ಮಾತ್ರ ಅವಕಾಶ ಎಂದು ನಿಯಮವಿತ್ತು. ಶಿವರಾಜ ಮಧ್ಯೆ ಬಂದ. ಅರ್ಧ ಗಂಟೆ ವಾದ ಮಾಡಿದ. ಇದರೊಳಗಿರುವುದೂ ಅದೇ ಕಂಪನಿಯದು, ಒಂದು ಬಟನ್ ಜಾಗ ಬದಲಿಸಿದೆ ಅಷ್ಟೇ, ಪಿಎಸ್-ತ್ರೀ ಎಲ್ಲರ ಕೈಗೂ ಆಗುವ ಯಂತ್ರವೆಂದು ನೀವೇ ಜಾಹೀರಾತಿನಲ್ಲಿ ಹಾಕಿದ್ದೀರಲ್ಲ ಎಂದ. ಪಕ್ಕದಲ್ಲಿ ನಿಂತಿದ್ದ ಶೈಲೇಶ, ಇವನ ಬಾಯಲ್ಲಿ ಆ ಯಂತ್ರದ ಪರವಾಗಿ ಇಷ್ಟು ಮಾತು ಬರುವುದನ್ನು ಸುಮ್ಮನೆ ಕೇಳಿಸಿಕೊಂಡ. ಕೊನೆಗೆ ವ್ಯವಸ್ಥಾಪಕ ಒಂದು ದಾರಿ ಹೇಳಿದ. ಎದುರಾಳಿ ಒಪ್ಪಿದರೆ ಹಲಗೆಯಲ್ಲಿ ಆಡಬಹುದು, ಒಪ್ಪದಿದ್ದರೆ ಸಾಮಾನ್ಯ ಕಂಟ್ರೋಲರಿನಲ್ಲೇ.

ಮೊದಲ ಎದುರಾಳಿ ಶೈಲೇಶನ ಕೈ ನೋಡಿ ತಕ್ಷಣ ಒಪ್ಪಿದ. ಕಣ್ಣಲ್ಲಿ ಕನಿಕರವಿತ್ತು. ಅವನು ಎರಡು–ಸೊನ್ನೆಯಿಂದ ಸೋತ. ಎರಡನೆಯವನೂ ಒಪ್ಪಿದ, "ಅರೇ ಖೇಲೋ ಭಾಯ್, ಕ್ಯಾ ಫರಕ್ ಪಡ್ತಾ ಹೈ," ಎಂದು, ಆಡಿದರೇನಂತೆ ಎನ್ನುವಂತೆ. ಅವನು ಮೂರು–ಒಂದರಿಂದ ಸೋತ. ಅಷ್ಟು ಹೊತ್ತಿಗೆ ಹಲಗೆಯ ಸುತ್ತ ಸಣ್ಣ ಗುಂಪು ಸೇರಿತ್ತು.

ಮೂರನೆಯವನು ನೆರೂಳಿನ ಒಬ್ಬ ತೆಳ್ಳನೆಯ ಕನ್ನಡಕದ ಹುಡುಗ. ಹಿಂದಿನ ಎರಡು ಪಂದ್ಯಗಳನ್ನೂ ಅವನು ಹಿಂದೆ ನಿಂತು ನೋಡಿದ್ದ. ಬಗ್ಗಿ ಹಲಗೆಯನ್ನು ಪರೀಕ್ಷಿಸಿ, ನೆಟ್ಟಗೆ ನಿಂತು, ವ್ಯವಸ್ಥಾಪಕನಿಗೆ ಹೇಳಿದ:

"ಸರ್, ಮೈ ಓಕೆ ನಹೀ ಹೂಂ. ಬಟನ್ ಹಥೇಲಿ ಕೆ ನೀಚೆ ಹೈ. ಹಮ್ಕೋ ಉಂಗಲೀ ಉಠಾನಾ ಪಡ್ತಾ ಹೈ, ಇನ್ಕೋ ನಹೀ. ಅಡ್ವಾಂಟೇಜ್ ಹೈ."

ಅಂಗೈಯಡಿ ಬಟನ್ ಇರುವುದರಿಂದ ಇವನು ಬೆರಳೆತ್ತಬೇಕಿಲ್ಲ, ಇವನಿಗೆ ಲಾಭ, ತನಗೆ ಅನ್ಯಾಯ ಎಂಬುದು ಅವನ ಮಾತು. ಗುಂಪಿನಲ್ಲಿ ಯಾರೋ ಛೀ ಎಂದರು. ಶಿವರಾಜ ಸೋಲ್ಡರಿನ ಪೆಟ್ಟಿಗೆಯನ್ನು ಕೆಳಗಿಟ್ಟು ಮುಂದೆ ಬಂದ.

"ಹೆಬ್ಬಟ್ಟಿಲ್ಲದವಗ ಲಾಭಾ? ನಿನ್ನ ಹೆಬ್ಬಟ್ಟು ಕೊಡಲೇ ಹಂಗಾರ!" ಎಂದು ಕನ್ನಡದಲ್ಲೇ ಕೂಗಿದ. ಹುಡುಗನಿಗೆ ಅರ್ಥವಾಗಲಿಲ್ಲ.

ಶೈಲೇಶ ಶಿವರಾಜನ ತೋಳು ಹಿಡಿದು ನಿಲ್ಲಿಸಿದ. ಹಿಡಿದದ್ದು ಎಡಗೈಯಿಂದ. ಶೈಲೇಶನ ಮುಖ ಕೆಂಪಾಗಿತ್ತು. ಸಿಟ್ಟೆಂದು ಶಿವರಾಜ ತಿಳಿದ. ಆದರೆ ಅವನು ಆ ಹುಡುಗನ ಕಡೆ ತಿರುಗಿ, ಹಿಂದಿಯಲ್ಲಿ, ಬಹಳ ಮರ್ಯಾದೆಯಿಂದ, "ನೀನು ಹೇಳಿದ್ದು ಸರಿ ಇರಬಹುದು," ಎಂದ. ಟೇಬಲ್ಲಿನ ಮೇಲಿದ್ದ ಸಾಮಾನ್ಯ ಕಂಟ್ರೋಲರನ್ನು ತೆಗೆದುಕೊಂಡು ತೊಡೆಯ ಮೇಲಿಟ್ಟು ಕೂತ. ಪಂದ್ಯ ಹನ್ನೆರಡು ನಿಮಿಷ ನಡೆಯಿತು. ಕಂಟ್ರೋಲರ್ ಎರಡು ಸಲ ನೆಲಕ್ಕೆ ಬಿತ್ತು. ಆರು–ಸೊನ್ನೆಯಿಂದ ಸೋತ.

ಹೊರಗೆ ಸಣ್ಣ ಮಳೆ ಇತ್ತು. ಬಸ್ ಸ್ಟಾಪಿನವರೆಗೂ ಶಿವರಾಜ ಬೈಯುತ್ತಲೇ ಇದ್ದ. ನಿಯಮ ಮಾಡಿದವರನ್ನು, ಆ ಹುಡುಗನನ್ನು, ಅವನ ಕನ್ನಡಕವನ್ನು. ಬಸ್ಸಿನಲ್ಲಿ ಸೀಟು ಸಿಕ್ಕಿದ ಮೇಲೆ ಶೈಲೇಶ ಮಾತಾಡಿದ.

"ಉಳಿದವರು ಇಬ್ಬರು ನನ್ನ ಕೈ ನೋಡಿದ್ರು. ಅವ ಒಬ್ಬ ನನ್ನ ಆಟ ನೋಡಿದ."

"ಆಟ ನೋಡಿ ಅಂಜಿದ ಅವ. ಅಷ್ಟ."

"ಅದನ್ನೇ ಹೇಳ್ತಿದ್ದೇನೆ ಮಾರಾಯ. ಹೆದರಿದ! ಒಂದೂವರೆ ವರ್ಷದಲ್ಲಿ ಯಾರಾದ್ರೂ ನನಗೆ ಹೆದರಿದ್ದು ಉಂಟಾ?"

ಶಿವರಾಜ ಬೈಯುವುದು ಬಿಟ್ಟು, ಎರಡನೆಯ ಪಂದ್ಯದಲ್ಲಿ ಬಿಟ್ಟುಕೊಟ್ಟ ಆ ಒಂದು ಗೋಲು ಹೇಗಾಯಿತು ಎಂದು ಕೇಳಿದ. ಶೈಲೇಶ ಟಿಕೆಟಿನ ಹಿಂಭಾಗದಲ್ಲಿ ಪೆನ್ನಿನಿಂದ ಗೆರೆ ಎಳೆದು ವಿವರಿಸಿದ. ಮಹಾಪೆ ದಾಟಿತು, ಶಿಳ್‌ಫಾಟಾದಲ್ಲಿ ಟ್ರಕ್ಕುಗಳ ಸಾಲಿನಲ್ಲಿ ಬಸ್ಸು ಮುಕ್ಕಾಲು ಗಂಟೆ ನಿಂತಿತು. ವಿವರಣೆ ಆಗಲೂ ಮುಗಿದಿರಲಿಲ್ಲ.

ಮನೆಯಲ್ಲಿ ಜಲಜಾಕ್ಷಿ ಬಾಗಿಲಲ್ಲೇ ಕಾಯುತ್ತಿದ್ದರು.

"ಗೆದ್ದಿಯಾ ಮಗಾ?"

"ಎರಡು ಗೆದ್ದೆ ಅಮ್ಮ. ಮೂರನೇದಕ್ಕೆ ಹಲಗೆ ಬಿಡ್ಲಿಲ್ಲ."

"ಯಾಕಂತೆ?"

"ನನಗೆ ಅದರಲ್ಲಿ ಜಾಸ್ತಿ ಲಾಭ ಆಗ್ತದಂತೆ."

ಜಲಜಾಕ್ಷಿಗೆ ಇದು ಒಳ್ಳೆಯ ಸುದ್ದಿಯೋ ಕೆಟ್ಟದ್ದೋ ಗೊತ್ತಾಗಲಿಲ್ಲ. ಮಗನ ಹಿಂದೆ ನಿಂತಿದ್ದ ಶಿವರಾಜನ ಮುಖ ನೋಡಿದರು. ಅವನಿಗೂ ಪೂರ್ತಿ ಗೊತ್ತಾದಂತೆ ಕಾಣಲಿಲ್ಲ. ಶೈಲೇಶ ಟವೆಲು ಬಿಚ್ಚಿ ಹಲಗೆಯನ್ನು ಟಿವಿಯ ಕೆಳಗಿಟ್ಟು, ಹಸಿವಾಗಿದೆ ಎಂದ. ಇಬ್ಬರಿಗೂ ಊಟ ಬಡಿಸಿದರು.